ಜೈಲಿನಲ್ಲಿ ಆಪ್ತ ಸಮಾಲೋಚಕರ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಜೈಲಿನಲ್ಲಿ ಆಪ್ತ ಸಮಾಲೋಚಕರ (ಕೌನ್ಸೆಲರ್) ಕೆಲಸ ಅಂದ ಕೂಡಲೇ ನೆಂಟರು ಕೇಳುವ ಪ್ರಶ್ನೆ ಒಂದು, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಮಕ್ಕಳು ಕೇಳುವುದು ಇನ್ನೊಂದು, ಒಳಗಿರುವವರ ಮನೆಯವರು ಕೇಳುವುದು ಮತ್ತೊಂದು. ಮೂರನ್ನೂ ಸೇರಿಸಿ ಉತ್ತರ ಬರೆದಿದ್ದೇನೆ. ಎಲ್ಲವೂ ಕರ್ನಾಟಕದ ಜೈಲುಗಳ ಮಟ್ಟಿಗೆ. ಉದಾಹರಣೆ ಕೊಟ್ಟ ಕಡೆ ಯಾರ ಗುರುತೂ ಸಿಗದ ಹಾಗೆ ಊರು, ವಯಸ್ಸು, ಕೇಸು ಬದಲಿಸಿದ್ದೇನೆ.

ಆಪ್ತ ಸಮಾಲೋಚಕರು ಜೈಲಿನಲ್ಲಿ ಮಾಡುವುದೇನು? ಬುದ್ಧಿ ಹೇಳುವುದಾ?

ಅಲ್ಲ. ಬುದ್ಧಿ ಹೇಳುವವರು ಒಳಗೆ ಬೇಕಾದಷ್ಟು ಜನ ಇದ್ದಾರೆ. ವಾರ್ಡರ್ ಹೇಳುತ್ತಾರೆ, ಜೈಲರ್ ಹೇಳುತ್ತಾರೆ, ಭಾಷಣಕ್ಕೆ ಬಂದ ಅತಿಥಿಗಳು ಹೇಳುತ್ತಾರೆ, ಹಳೇ ಕೈದಿಗಳೂ ಹೇಳುತ್ತಾರೆ. ನಮ್ಮ ಕೆಲಸ ಕೇಳುವುದು. ಕೇಳಿದ ಮೇಲೆ ಮಾಡಬೇಕಾದ್ದನ್ನು ಮಾಡುವುದು.

ಹೊಸದಾಗಿ ಬಂದವರನ್ನು ಮಾತಾಡಿಸುವುದು, ನಿದ್ದೆ ಬಾರದವರನ್ನು ಮತ್ತು ಊಟ ಬಿಟ್ಟವರನ್ನು ಗುರುತಿಸುವುದು, ಕಾಯಿಲೆ ಅನಿಸಿದರೆ ಜೈಲಿನ ವೈದ್ಯರಿಗೆ ಅಥವಾ ಮನೋವೈದ್ಯರಿಗೆ ತೋರಿಸುವುದು, ಕುಡಿತ ಮತ್ತು ಗಾಂಜಾ ಚಟದವರ ಗುಂಪು ನಡೆಸುವುದು, ಮನೆಯವರ ಜತೆ ಮಾತು ನಿಂತವರಿಗೆ ಮತ್ತೆ ಕೊಂಡಿ ಹಾಕಿಸುವುದು. ಪಟ್ಟಿಯಲ್ಲಿ ಇಷ್ಟಿರುತ್ತದೆ. ನಿಜವಾಗಿ ಅರ್ಧ ದಿನ ಹೋಗುವುದು ಒಂದೇ ಪ್ರಶ್ನೆಗೆ: "ಮೇಡಂ, ಕೋರ್ಟಿನಲ್ಲಿ ನಂದು ಮುಂದಿನ ಡೇಟ್ ಯಾವಾಗ?"

ಡೇಟ್ ಕೇಳೋದು ಕೌನ್ಸೆಲಿಂಗ್ ಹೇಗಾಗುತ್ತದೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಜೈಲು ಅಂದರೆ ಶಿಕ್ಷೆ ಆದವರ ಜಾಗ ಅಂತ ನಾವು ಅಂದುಕೊಂಡಿದ್ದೇವೆ. ಲೆಕ್ಕ ಬೇರೆ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನ ಬಂಧಿಗಳು. ಅಂದರೆ ನಾಲ್ಕರಲ್ಲಿ ಮೂರು ಜನರ ಮೇಲೆ ಇನ್ನೂ ತೀರ್ಪೇ ಬಂದಿಲ್ಲ.

ಶಿಕ್ಷೆ ಆದವರಿಗೆ ಕನಿಷ್ಠ ಒಂದು ಲೆಕ್ಕ ಸಿಗುತ್ತದೆ. ಇಷ್ಟು ವರ್ಷ, ಇಷ್ಟು ಮಾಫಿ, ಪೆರೋಲ್ ಯಾವಾಗ ಅಂತ. ವಿಚಾರಣೆಯಲ್ಲಿ ಇರುವವರಿಗೆ ಆ ಲೆಕ್ಕವೂ ಇಲ್ಲ. ಬೇಲ್ ಅರ್ಜಿ ಹಾಕಿದ್ದಾರಾ, ವಕೀಲರು ಕೋರ್ಟಿಗೆ ಹೋಗಿದ್ದರಾ, ಪೊಲೀಸ್ ಎಸ್ಕಾರ್ಟ್ ಸಿಗದೆ ಇವತ್ತೂ ಕರೆದುಕೊಂಡು ಹೋಗಲಿಲ್ಲವಾ, ವಿಡಿಯೊ ಕಾನ್ಫರೆನ್ಸಿನಲ್ಲಿ ಎರಡು ನಿಮಿಷ ಮುಖ ತೋರಿಸಿದ್ದು ಲೆಕ್ಕಕ್ಕೆ ಬಂತಾ, ಒಂದೂ ಗೊತ್ತಾಗುವುದಿಲ್ಲ. ಚಾರ್ಜ್‌ಶೀಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ತಿರುಗುವವರಿದ್ದಾರೆ. ಮಡಿಕೆ ಬಿದ್ದ ಕಡೆಯೆಲ್ಲ ಅಕ್ಷರ ಅಳಿಸಿ ಹೋಗಿರುತ್ತದೆ. ಅವರಲ್ಲಿ ಎಷ್ಟೋ ಜನಕ್ಕೆ ಅದನ್ನು ಓದಲು ಬರುವುದಿಲ್ಲ.

ಅಂಥವರ ಎದುರು ಕುಳಿತು 'ದೀರ್ಘವಾಗಿ ಉಸಿರು ಎಳೆದುಕೊಳ್ಳಿ' ಅಂದರೆ ಏನು ಪ್ರಯೋಜನ? ಮೊದಲು ಡೇಟ್ ನೋಡಿ ಹೇಳಬೇಕು. ಶುಕ್ರವಾರ ಹೇಳುತ್ತೇನೆ ಅಂದರೆ ಶುಕ್ರವಾರವೇ ಹೇಳಬೇಕು. ಗೊತ್ತಾಗದಿದ್ದರೆ 'ಇನ್ನೂ ಗೊತ್ತಾಗಿಲ್ಲ' ಅಂತ ಹೇಳುವುದಕ್ಕಾದರೂ ಶುಕ್ರವಾರ ಹೋಗಬೇಕು. ಹೇಳಿದ ದಿನ ಬರುವ ಮನುಷ್ಯ ಒಳಗೆ ಅಪರೂಪ. ಎರಡು ಮೂರು ಸಲ ಹಾಗೆ ಆದ ಮೇಲೆ ಬೇರೆ ಮಾತು ತಾನಾಗಿ ಶುರುವಾಗುತ್ತದೆ. ರಾತ್ರಿ ನಿದ್ದೆ ಇಲ್ಲ ಅನ್ನುವುದು, ಅಮ್ಮ ಫೋನ್ ತೆಗೆಯುತ್ತಿಲ್ಲ ಅನ್ನುವುದು ಹೊರಗೆ ಬರುವುದು ಆಮೇಲೆ.

ಭಯ ಆಗಲ್ವಾ?

ಮೊದಲ ವಾರ ಗೇಟಿನ ಸದ್ದಿಗೇ ಭಯ ಆಗುತ್ತದೆ. ದೊಡ್ಡ ಬಾಗಿಲಿನಲ್ಲಿ ಒಂದು ಸಣ್ಣ ಬಾಗಿಲು, ತಲೆ ಬಗ್ಗಿಸಿ ಒಳಗೆ ಹೋಗಬೇಕು. ಹಿಂದೆ ಅದು ಮುಚ್ಚಿದ ಮೇಲೆಯೇ ಮುಂದಿನದು ತೆರೆಯುತ್ತದೆ. ಆಮೇಲೆ ಅಭ್ಯಾಸ ಆಗುತ್ತದೆ. ನಮ್ಮ ಹತ್ತಿರ ಬರುವವರು ಜಗಳಕ್ಕೆ ಬರುವುದಿಲ್ಲ, ಕೈಯಲ್ಲಿ ಅರ್ಜಿ ಹಿಡಿದು ಬರುತ್ತಾರೆ. ಎಚ್ಚರ ಬೇಕು, ನಿಜ. ಕೂರುವ ಕುರ್ಚಿ ಬಾಗಿಲಿನ ಕಡೆ ಇರಲಿ, ಬಾಗಿಲು ಪೂರ್ತಿ ಮುಚ್ಚದಿರಲಿ, ವಾರ್ಡರ್ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ, ಕಿವಿಗೆ ಕೇಳದಷ್ಟು ದೂರದಲ್ಲಿರಲಿ. ಈ ಕೊನೆಯದನ್ನು ಒಪ್ಪಿಸಲು ಸ್ವಲ್ಪ ಸಮಯ ಹಿಡಿಯುತ್ತದೆ.

ಒಂದು ದಿನ ಹೇಗಿರುತ್ತದೆ?

ಗೇಟಿನಲ್ಲಿ ರಿಜಿಸ್ಟರಿಗೆ ಸಹಿ, ಮೊಬೈಲ್ ಅಲ್ಲೇ ಲಾಕರಿಗೆ, ಬ್ಯಾಗ್ ತಪಾಸಣೆ. ಹೊರಗಿನ ಜಗತ್ತು ಸಂಜೆವರೆಗೆ ಅಲ್ಲೇ ಇರುತ್ತದೆ. ಮನೆಯಲ್ಲಿ ಮಗುವಿಗೆ ಜ್ವರ ಬಂದರೂ ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಜೈಲು ಕಚೇರಿಯ ನಂಬರನ್ನು ಮನೆಯವರಿಗೆ ಮೊದಲೇ ಕೊಟ್ಟಿಡಿ.

ಬೆಳಿಗ್ಗೆ ಕೋರ್ಟಿಗೆ ಹೋಗುವವರ ಗಡಿಬಿಡಿ. ಅವರು ಹೋದ ಮೇಲೆ ಹಿಂದಿನ ಸಂಜೆ ದಾಖಲಾದವರ ಪಟ್ಟಿ ಕೈಗೆ ಬರುತ್ತದೆ, ಅವರನ್ನು ಮೊದಲು ನೋಡಬೇಕು. ಆಮೇಲೆ ವೈದ್ಯರು ಕಳಿಸಿದವರು, ತಾವಾಗಿ ಬಂದವರು. ಮಧ್ಯಾಹ್ನ ಊಟಕ್ಕೆ ಎಲ್ಲ ನಿಲ್ಲುತ್ತದೆ. ಕೋರ್ಟಿನಿಂದ ವಾಪಸ್ ಬರುವ ಹೊತ್ತಿಗೆ ಮತ್ತೆ ಕೆಲಸ ಜಾಸ್ತಿ. ಬೇಲ್ ತಿರಸ್ಕಾರ ಆದವರು, ಶಿಕ್ಷೆ ಆದವರು ವ್ಯಾನಿನಿಂದ ಇಳಿಯುವುದು ಆಗಲೇ. ಆದರೆ ಸಂಜೆ ಲಾಕಪ್ ಆಯಿತು ಅಂದರೆ ಎಣಿಕೆ ಮುಗಿದು ಬ್ಯಾರಕ್‌ಗೆ ಬೀಗ ಬೀಳುತ್ತದೆ, ನಾವೂ ಹೊರಡಬೇಕು. ಕೆಟ್ಟ ಸುದ್ದಿ ಕೇಳಿ ಬಂದವರಿಗೂ ನಮಗೂ ಸಿಗುವುದು ಎಷ್ಟೋ ಸಲ ಹತ್ತು ನಿಮಿಷ. ಈ ಕೆಲಸದಲ್ಲಿ ನನಗೆ ಇವತ್ತಿಗೂ ಸಮಾಧಾನ ಇಲ್ಲದ ವಿಷಯ ಇದು. ವೇಳಾಪಟ್ಟಿ ಮಾಡಿದವರು ಸಂಜೆಯನ್ನು ಯೋಚಿಸಿಲ್ಲ.

ಅವರ ಕೇಸು ಏನು ಅಂತ ಕೇಳುತ್ತೀರಾ?

ಇಲ್ಲ. ಸೆಕ್ಷನ್ ಕಡತದಲ್ಲೇ ಇರುತ್ತದೆ. 'ಮಾಡಿದ್ದು ನಿಜಾನಾ?' ಅಂತ ಕೇಳುವುದು ಕೋರ್ಟಿನ ಕೆಲಸ. ನಾವು ಕೇಳಿದರೆ ಅವರು ನಮಗೂ ವಕೀಲರಿಗೆ ಹೇಳಿದ ಕತೆಯನ್ನೇ ಹೇಳುತ್ತಾರೆ. ಅಲ್ಲಿಗೆ ಮಾತುಕತೆ ಮುಗಿಯಿತು.

ಇನ್ನೊಂದು ವಿಷಯ, ಸಣ್ಣದು ಅನಿಸಬಹುದು. ಒಳಗೆ ಹೆಚ್ಚಿನವರನ್ನು ಏಕವಚನದಲ್ಲೇ ಕರೆಯುತ್ತಾರೆ, ಇಲ್ಲವೇ ನಂಬರ್ ಕೂಗುತ್ತಾರೆ. ನಾನು ಹೆಸರು ಹಿಡಿದು 'ನೀವು' ಅನ್ನುತ್ತೇನೆ. ಇಪ್ಪತ್ತರ ಹುಡುಗನಿಗೂ. ಒಬ್ಬರು ಹಿರಿಯರು ಅದಕ್ಕೆ 'ನನ್ನ ಜತೇನಾ ಮಾತಾಡ್ತಿರೋದು?' ಅಂತ ಹಿಂದೆ ತಿರುಗಿ ನೋಡಿದ್ದರು.

ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯಾ?

ಬಹುಮಟ್ಟಿಗೆ ಉಳಿಯುತ್ತದೆ, ಪೂರ್ತಿ ಅಲ್ಲ. ಇದನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿ ಇಡಬೇಕು ಅನ್ನುತ್ತದೆ. ಜೈಲಿನಲ್ಲಿದ್ದಾರೆ ಅಂತ ಆ ಹಕ್ಕು ಹೋಗುವುದಿಲ್ಲ. ಆದರೆ ವಕೀಲರಿಗೆ ಸಾಕ್ಷ್ಯ ಕಾನೂನಿನಲ್ಲಿ ಇರುವ ರಕ್ಷಣೆ ನಮಗೆ ಇಲ್ಲ. ಕಕ್ಷಿದಾರ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ವಕೀಲರು ಕೋರ್ಟಿನಲ್ಲಿ ಹೇಳುವಂತಿಲ್ಲ. ನಮ್ಮನ್ನು ಕೋರ್ಟು ಸಾಕ್ಷಿಗೆ ಕರೆದರೆ ಹೋಗಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕಾಗಬಹುದು. ಹಾಗಾಗಿ 'ಕೇಸಿನ ವಿಷಯ ನಿಮ್ಮ ವಕೀಲರ ಹತ್ತಿರ ಮಾತ್ರ ಹೇಳಿ' ಅನ್ನುವುದು ನನ್ನ ಮೊದಲ ಮಾತುಗಳಲ್ಲಿ ಒಂದು.

ಗುಟ್ಟು ಇಡಲಾಗದ ಸಂಗತಿಗಳು: ತನ್ನ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ, ಇನ್ನೊಬ್ಬರಿಗೆ ಹಾನಿ ಮಾಡುವ ಯೋಜನೆ, ಮತ್ತು ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ. ಕೊನೆಯದನ್ನು 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ.

ಟಿಪ್ಪಣಿ ಬರೆಯುವಾಗಲೂ ಜಾಗ್ರತೆ ಬೇಕು. 'ನಿದ್ದೆ ಇಲ್ಲ, ಊಟ ಕಡಿಮೆ, ವೈದ್ಯರಿಗೆ ಕಳಿಸಿದೆ' ಸಾಕು. ಅವರ ಮನೆಯ ಕತೆಯನ್ನೆಲ್ಲ ರಿಜಿಸ್ಟರಿನಲ್ಲಿ ಬರೆದಿಡಬೇಡಿ. ಆ ರಿಜಿಸ್ಟರ್ ಎಲ್ಲೆಲ್ಲಿ ತಿರುಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಹೊಸದಾಗಿ ಬಂದವರನ್ನು ಮೊದಲು ನೋಡಬೇಕು ಅಂದಿರಿ. ಯಾಕೆ?

ಮೊದಲ ಕೆಲವು ದಿನ ಎಲ್ಲಕ್ಕಿಂತ ಕಷ್ಟ. ಬೆಲ್ಟ್ ಇಲ್ಲ, ಫೋನ್ ಇಲ್ಲ, ಮನೆಗೆ ಗೊತ್ತಾಯಿತೋ ಇಲ್ಲವೋ ತಿಳಿಯದು. 'ಮುದ್ದೆ ಮುರಿಯೋಕೆ ಹೋದ' ಅಂತ ಊರಲ್ಲಿ ಆಡಿಕೊಳ್ಳುತ್ತಾರಲ್ಲ, ಆ ಮಾತು ತಲೆಯಲ್ಲಿ ಓಡುತ್ತಿರುತ್ತದೆ. ನಾಚಿಕೆಗೆ ಊಟದ ಸಾಲಿಗೇ ಹೋಗದವರಿದ್ದಾರೆ.

ಇದರ ಜತೆ ಮೈಯ ಕಷ್ಟ. ದಿನಾ ಕುಡಿಯುತ್ತಿದ್ದವರಿಗೆ ಜೈಲಿನಲ್ಲಿ ಒಂದೇ ಸಲಕ್ಕೆ ಬಂದ್. ಎರಡನೇ ಮೂರನೇ ದಿನದ ಹೊತ್ತಿಗೆ ಕೈ ನಡುಗುವುದು, ಬೆವರು, ಇಲ್ಲದ್ದು ಕಾಣುವುದು, ಕೆಲವರಿಗೆ ಫಿಟ್ಸ್. ಗೋಡೆ ಮೇಲೆ ಹುಳ ಹರಿದಾಡುತ್ತಿದೆ ಅಂತ ರಾತ್ರಿಯೆಲ್ಲ ಕೈಯಿಂದ ಗುಡಿಸುತ್ತಿದ್ದವರನ್ನು ಅಕ್ಕಪಕ್ಕದವರು 'ನಾಟಕ ಮಾಡ್ತಾನೆ' ಅಂದಿದ್ದರು. ನಾಟಕವೂ ಅಲ್ಲ, ಹುಚ್ಚೂ ಅಲ್ಲ. ತಕ್ಷಣ ವೈದ್ಯರು ನೋಡಬೇಕಾದ ಸ್ಥಿತಿ, ತಡವಾದರೆ ಜೀವಕ್ಕೇ ಅಪಾಯ. ಇಲ್ಲಿ ಸಮಾಲೋಚನೆ ಅಂದರೆ ಆಸ್ಪತ್ರೆ ಬ್ಲಾಕಿಗೆ ಓಡುವುದು. ಹಾಗಾಗಿ ಹೊಸಬರನ್ನು ನಾನು ಮೊದಲು ಕೇಳುವುದು ಎರಡೇ: ಕೊನೇ ಸಲ ಕುಡಿದಿದ್ದು ಯಾವಾಗ? ದಿನಾ ತಗೊಳ್ಳೋ ಮಾತ್ರೆ ಏನಾದರೂ ಇದೆಯಾ?

2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ 1,382 ಜೈಲುಗಳ ಸ್ಥಿತಿ ಕುರಿತ ಪ್ರಕರಣದಲ್ಲಿ ಸಮಾಲೋಚಕರನ್ನು ನೇಮಿಸಿ ಅಂತ ರಾಜ್ಯಗಳಿಗೆ ಹೇಳಿತು. ಅದರಲ್ಲೂ ಮೊದಲ ಸಲ ಜೈಲಿಗೆ ಬಂದವರಿಗಾಗಿ ಅಂತ ಒತ್ತಿ ಹೇಳಿದ್ದು ಸುಮ್ನೆ ಅಲ್ಲ.

ಒಳಗೆ ಮಾನಸಿಕ ಕಾಯಿಲೆ ಅಷ್ಟು ಜಾಸ್ತಿ ಇದೆಯಾ?

ನಮ್ಮ ಬೆಂಗಳೂರಿನಲ್ಲೇ ಇದರ ಮೇಲೆ ದೊಡ್ಡ ಅಧ್ಯಯನ ಆಗಿದೆ. ನಿಮ್ಹಾನ್ಸ್ ತಂಡ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಬಂಧಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟಿತು. ಮಾನಸಿಕ ಕಾಯಿಲೆ ಇಲ್ಲವೇ ಚಟದ ಸಮಸ್ಯೆ, ಎರಡರಲ್ಲಿ ಒಂದಾದರೂ ಇದ್ದವರು ಶೇ 79.6. ಚಟವನ್ನು ಬದಿಗಿಟ್ಟು ನೋಡಿದರೂ ಶೇ 27.6 ಜನಕ್ಕೆ ಮಾನಸಿಕ ಕಾಯಿಲೆ ಇತ್ತು.

ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕು ಅಂತ 2017ರ ಕಾಯ್ದೆ ಹೇಳುತ್ತದೆ. 2016ರ ಮಾದರಿ ಕಾರಾಗೃಹ ಕೈಪಿಡಿ ಪ್ರಕಾರ 500 ಬಂಧಿಗಳಿಗೆ ಒಬ್ಬ ಮನಶ್ಶಾಸ್ತ್ರಜ್ಞ ಅಥವಾ ಸಮಾಲೋಚಕ ಬೇಕು. ಸಾವಿರಾರು ಜನ ಇರುವ ಸೆಂಟ್ರಲ್ ಜೈಲಿನಲ್ಲಿ ಈ ಲೆಕ್ಕಕ್ಕೆ ಎಷ್ಟು ಜನ ಇರಬೇಕು, ನೀವೇ ಭಾಗಿಸಿ ನೋಡಿ. ಸಣ್ಣ ತಾಲ್ಲೂಕು ಸಬ್ ಜೈಲುಗಳ ಕತೆ ಇನ್ನೂ ಬೇರೆ.

ಯಾರಾದರೂ ಸಾಯುವ ಮಾತಾಡಿದರೆ?

ನೇರವಾಗಿ ಕೇಳಬೇಕು. 'ಸಾಯಬೇಕು ಅನಿಸುತ್ತಿದೆಯಾ?' ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ನಂಬಿಕೆ. ಕೇಳಿದ್ದಕ್ಕೆ ಹಗುರಾಯಿತು ಅನ್ನುವವರೇ ಹೆಚ್ಚು.

ಎಚ್ಚರ ಬೇಕಾದ ಹೊತ್ತುಗಳು ಗೊತ್ತಿರುವವೇ: ಬಂದ ಹೊಸತು, ಬೇಲ್ ತಿರಸ್ಕಾರ ಆದ ದಿನ, ತೀರ್ಪಿನ ದಿನ, ಮನೆಯಲ್ಲಿ ಸಾವು, ಹೆಂಡತಿ ತವರಿಗೆ ಹೋದ ಸುದ್ದಿ, ಬರುತ್ತಿದ್ದ ಮುಲಾಖಾತ್ (ಮನೆಯವರ ಭೇಟಿ) ನಿಂತು ಹೋದದ್ದು. ಅಂಥವರನ್ನು ಒಂಟಿ ಸೆಲ್ಲಿಗೆ ಹಾಕುವುದು ಪರಿಹಾರ ಅಲ್ಲ, ಅದರಿಂದ ಕೆಡುವುದೇ ಜಾಸ್ತಿ. ಜತೆಗೆ ಜನ ಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ 2023ರ ಸಲಹೆಯಲ್ಲಿ ಬಂಧಿಗಳಲ್ಲೇ ಕೆಲವರನ್ನು ಆರಿಸಿ, ತರಬೇತಿ ಕೊಟ್ಟು, ಸಂಕಟದಲ್ಲಿರುವವರ ಜತೆಗಾರರಾಗಿ ಮಾಡಿ ಅಂದಿದೆ. ಇದು ಕೆಲಸ ಮಾಡುತ್ತದೆ. ಲಾಕಪ್ ಆದ ಮೇಲೆ ಒಳಗೆ ಉಳಿಯುವವರು ಅವರೇ ಅಲ್ವಾ.

ಪ್ರಯತ್ನ ಮಾಡಿ ಉಳಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಅದಕ್ಕಾಗಿ ಶಿಕ್ಷಿಸಬಾರದು ಅಂತ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಸಿಬ್ಬಂದಿಗೆ ಇದನ್ನು ಮತ್ತೆ ಮತ್ತೆ ನೆನಪಿಸಬೇಕಾಗುತ್ತದೆ.

ಓದುತ್ತಿರುವ ನಿಮಗೇ ಅಥವಾ ಮನೆಯವರಿಗೆ ಇಂಥ ಯೋಚನೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾನೂನು ಸಲಹೆ ಕೊಡಬಹುದಾ?

ಕೊಡಬಾರದು. ಆದರೆ ಕಾನೂನು ಗೊತ್ತಿಲ್ಲದೆ ಈ ಕೆಲಸ ನಡೆಯುವುದಿಲ್ಲ. ಯಾರ ಹತ್ತಿರ ಕಳಿಸಬೇಕು ಅನ್ನುವಷ್ಟಾದರೂ ಗೊತ್ತಿರಬೇಕು.

ಬಂಧನದಲ್ಲಿರುವ ಪ್ರತಿಯೊಬ್ಬರಿಗೂ ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಇದಕ್ಕೆ ಆದಾಯದ ಮಿತಿ ಇಲ್ಲ. ಜೈಲಿನೊಳಗಿನ ಕಾನೂನು ನೆರವು ಕ್ಲಿನಿಕ್ಕಿಗೆ ಚೀಟಿ ಕೊಟ್ಟರೆ ಆಯಿತು. ಮನೆಯವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.

2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ನಿನಲ್ಲಿ, ಬಹಳ ಜನಕ್ಕೆ ಗೊತ್ತಿಲ್ಲದ ಒಂದು ದಾರಿ ಇದೆ. ಹಿಂದೆಂದೂ ಶಿಕ್ಷೆ ಆಗದವರು, ತಮ್ಮ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನರಾಗಿಯೇ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಉಳಿದವರಿಗೆ ಅರ್ಧ ಅವಧಿ. ಗಲ್ಲು ಅಥವಾ ಜೀವಾವಧಿ ಶಿಕ್ಷೆ ಇರುವ ಆರೋಪಗಳಿಗೆ ಇದು ಇಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವರಿಗೂ ಇಲ್ಲ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ಅರ್ಜಿ ಕಳಿಸುವುದು ಜೈಲು ಅಧೀಕ್ಷಕರ ಕರ್ತವ್ಯ. ಸಾವಿರಾರು ಕಡತಗಳ ನಡುವೆ ಒಂದು ಹೆಸರು ತಪ್ಪಿ ಹೋಗಬಹುದು. ನೆನಪಿಸಿದರೆ ಯಾರಿಗೂ ಬೇಜಾರಾಗಬೇಕಿಲ್ಲ.

ಬೇಲ್ ಸಿಕ್ಕಿಯೂ ಶ್ಯೂರಿಟಿ ಇಲ್ಲದೆ ಒಳಗೇ ಉಳಿದವರು ಇದ್ದಾರೆ. ಅಂಥವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಬಡ ಬಂಧಿಗಳ ನೆರವಿನ ಯೋಜನೆ ತಂದಿದೆ. ಯೋಜನೆ ಬಂದಾಗ ಜಾಮೀನಿಗೆ ₹40,000ದವರೆಗೆ, ದಂಡ ಕಟ್ಟಲಾಗದವರಿಗೆ ₹25,000ದವರೆಗೆ ಅಂತ ಮಿತಿ ಇತ್ತು. ಅರ್ಹತೆಯನ್ನು ಜಿಲ್ಲಾ ಮಟ್ಟದ ಸಮಿತಿ ನೋಡುತ್ತದೆ.

ಇನ್ನೊಂದು, ಇದು ಮಾತುಕತೆಯಲ್ಲೇ ಹೊರಬೀಳುವ ವಿಷಯ. 'ಎಸ್ಸೆಸ್ಸೆಲ್ಸಿ ಫೇಲಾದ ವರ್ಷವೇ ಕೇಸಾಯ್ತು' ಅಂತ ಯಾರಾದರೂ ಅಂದರೆ ಕಿವಿ ನಿಮಿರಬೇಕು. ಕೃತ್ಯ ನಡೆದಾಗ 18 ತುಂಬಿರಲಿಲ್ಲ ಅಂತಾದರೆ ಅವರು ಇರಬೇಕಾದ ಜಾಗ ಜೈಲೇ ಅಲ್ಲ. ಬಾಲನ್ಯಾಯ ಕಾಯ್ದೆ ಪ್ರಕಾರ ಈ ವಾದವನ್ನು ಯಾವ ಹಂತದಲ್ಲಾದರೂ ಎತ್ತಬಹುದು, ಕೇಸು ಮುಗಿದ ಮೇಲೂ. ಶಾಲೆಯ ದಾಖಲೆ ತರಿಸಲು ಕಾನೂನು ನೆರವಿನವರಿಗೆ ಹೇಳಿ.

ಜೀವಾವಧಿ ಅಂದರೆ 14 ವರ್ಷ ಅಲ್ವಾ?

ಅಲ್ಲ. ಒಳಗೂ ಹೊರಗೂ ಎಲ್ಲರೂ ಹೀಗೇ ನಂಬಿದ್ದಾರೆ. ಜೀವಾವಧಿ ಅಂದರೆ ಜೀವ ಇರುವವರೆಗೆ. ಗಲ್ಲು ಶಿಕ್ಷೆಯನ್ನೂ ಕೊಡಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, 14 ವರ್ಷ ಜೈಲಿನಲ್ಲಿ ಕಳೆಯುವ ಮೊದಲು ಸರ್ಕಾರ ಬಿಡುವಂತಿಲ್ಲ ಅನ್ನುವುದು ಕಾನೂನು. 14 ಆದ ಮೇಲೆ ಪರಿಶೀಲನೆಗೆ ಬರಬಹುದು, ಅಷ್ಟೇ. ಸನ್ನಡತೆ ಮೇಲೆ ಬಿಡುಗಡೆಯಾಗುವವರ ಪಟ್ಟಿ ಬರುವ ಹೊತ್ತಿಗೆ ಹೆಸರಿಲ್ಲದವರ ಮುಖ ನೋಡಲಾಗುವುದಿಲ್ಲ. ಹಾಗಾಗಿ ಇದನ್ನು ಮೊದಲ ವರ್ಷವೇ ಸರಿಯಾಗಿ ತಿಳಿಸುವುದು ಒಳ್ಳೆಯದು, ಎಷ್ಟು ಕಷ್ಟವಾದರೂ.

ಮಹಿಳಾ ಬಂಧಿಗಳ ಜತೆ ಕೆಲಸ ಬೇರೆ ತರ ಇರುತ್ತದೆಯಾ?

ಸಂಖ್ಯೆ ಕಡಿಮೆ, ಒಂಟಿತನ ಜಾಸ್ತಿ. ಗಂಡಸು ಒಳಗೆ ಬಂದರೆ ಹೆಂಡತಿಯೋ ತಾಯಿಯೋ ಬಸ್ಸು ಹತ್ತಿ ಬರುತ್ತಾರೆ. ಹೆಂಗಸು ಬಂದರೆ ಎಷ್ಟೋ ಮನೆಯವರು ಇತ್ತ ತಲೆ ಹಾಕುವುದಿಲ್ಲ. ಮಾತೆಲ್ಲ ಮಕ್ಕಳದ್ದೇ: ಯಾರ ಮನೆಯಲ್ಲಿದ್ದಾರೆ, ಸ್ಕೂಲಿಗೆ ಕಳಿಸುತ್ತಿದ್ದಾರಾ, 'ಅಮ್ಮ ಎಲ್ಲಿ' ಅಂದರೆ ಏನು ಹೇಳುತ್ತಿದ್ದಾರೆ.

ಆರು ವರ್ಷದವರೆಗಿನ ಮಕ್ಕಳು ತಾಯಿ ಜತೆ ಒಳಗೆ ಇರಬಹುದು. ಸುಪ್ರೀಂ ಕೋರ್ಟ್ 2006ರಲ್ಲಿ ಇದಕ್ಕೆ ವಿವರವಾದ ಮಾರ್ಗಸೂಚಿ ಕೊಟ್ಟಿದೆ. ಆರು ತುಂಬಿದ ದಿನ ಮಗು ಹೊರಗೆ ಹೋಗಬೇಕು. ಅದಕ್ಕೆ ತಾಯಿಯನ್ನೂ ಮಗುವನ್ನೂ ತಿಂಗಳುಗಳ ಮೊದಲೇ ತಯಾರು ಮಾಡಬೇಕು, ಕೊನೇ ವಾರಕ್ಕೆ ಬಿಡಬಾರದು. ಒಳಗೇ ಬೆಳೆದ ಮಕ್ಕಳು ಆಟದಲ್ಲಿ ಎಣಿಕೆಗೆ ನಿಲ್ಲುತ್ತಾರೆ, ಒಂದು ಮಗು ವಾರ್ಡರ್ ಆಗಿ 'ಒಂದು, ಎರಡು' ಅನ್ನುತ್ತದೆ.

ಬಂಧಿಗಳು ನಿಮ್ಮನ್ನು ಬಳಸಿಕೊಳ್ಳುವುದಿಲ್ವಾ?

ಪ್ರಯತ್ನ ಪಡುತ್ತಾರೆ. ಒಳಗಿದ್ದರೆ ನಾನೂ ಪಡುತ್ತಿದ್ದೆ. 'ಮನೆಗೆ ಒಂದೇ ಒಂದು ಫೋನ್ ಮಾಡಿ ಅಕ್ಕಾ' ಅಂತ ಶುರುವಾಗುತ್ತದೆ. ಒಂದು ಸಲ ನಿಯಮ ಮೀರಿದಿರಿ ಅಂದರೆ ಮುಂದಿನ ಕೋರಿಕೆಗೆ ಇಲ್ಲ ಅನ್ನುವುದು ಕಷ್ಟ. ಆಮೇಲೆ ಅದು ಕೋರಿಕೆಯಾಗಿ ಉಳಿಯುವುದೂ ಇಲ್ಲ.

ಹಾಗಾಗಿ ಚೀಟಿ, ಬೀಡಿ, ಮಾತ್ರೆ, ಸಿಮ್, ಏನನ್ನೂ ಒಳಗೆ ತರುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ. ನಿಮ್ಮ ಸ್ವಂತ ನಂಬರ್, ಮನೆ ಇರುವ ಬಡಾವಣೆ, ಮಕ್ಕಳ ಶಾಲೆ, ಇದಾವುದನ್ನೂ ಮಾತಿನ ಭರದಲ್ಲಿ ಹೇಳಬಾರದು. ಮನೆಗೆ ಸುದ್ದಿ ಮುಟ್ಟಿಸಲು ಜೈಲಿನದ್ದೇ ಫೋನ್ ವ್ಯವಸ್ಥೆ ಇದೆ, ಅದಕ್ಕೆ ಅರ್ಜಿ ಬರೆಸಿ. 'ನನ್ನಿಂದ ಆಗಲ್ಲ, ಆದರೆ ಇದು ಆಗುತ್ತೆ' ಅನ್ನುವ ಎರಡನೇ ಅರ್ಧ ಯಾವಾಗಲೂ ಸಿದ್ಧ ಇರಲಿ.

ಜೈಲು ಸಿಬ್ಬಂದಿ ಜತೆ ಹೊಂದಾಣಿಕೆ ಹೇಗೆ?

ಅವರಿಲ್ಲದೆ ನಮ್ಮ ಕೆಲಸ ಒಂದು ಹೆಜ್ಜೆ ನಡೆಯುವುದಿಲ್ಲ. ಬ್ಯಾರಕ್ಕಿನಲ್ಲಿ ಯಾರು ಮೂರು ದಿನದಿಂದ ಗೋಡೆ ನೋಡಿಕೊಂಡು ಮಲಗಿದ್ದಾರೆ ಅನ್ನುವುದು ಹೆಡ್ ವಾರ್ಡರ್‌ಗೆ ಗೊತ್ತಿರುತ್ತದೆ, ನಮಗಲ್ಲ. ಅವರಿಗೂ ರಾತ್ರಿ ಪಾಳಿ, ರಜೆ ಸಿಗದ ಹಬ್ಬಗಳು, ಕಡಿಮೆ ಜನ. ಸಂಜೆ ಗೇಟಿನ ಹತ್ತಿರ ನಿಂತು 'ಮೇಡಂ, ನಮಗೂ ಒಂದಿಷ್ಟು ಕೌನ್ಸೆಲಿಂಗ್ ಮಾಡಿ' ಅಂತ ನಗುತ್ತಾ ಹೇಳುತ್ತಾರೆ. ಪೂರ್ತಿ ತಮಾಷೆ ಅಲ್ಲ ಅದು.

ಆದರೆ ಮಾತುಕತೆಯಲ್ಲಿ ಕೇಳಿದ್ದನ್ನು ಅವರಿಗೆ ಸುದ್ದಿಯಾಗಿ ಕೊಡಬಾರದು. ಒಬ್ಬರಿಗೆ ಗೊತ್ತಾದರೆ ಸಂಜೆಯೊಳಗೆ ಬ್ಯಾರಕ್ಕಿಗೆಲ್ಲ ಗೊತ್ತಾಗುತ್ತದೆ, ಮರುದಿನದಿಂದ ನಿಮ್ಮ ಕೋಣೆ ಖಾಲಿ. ಬಂಧಿಯ ಮೇಲೆ ಹಲ್ಲೆ ಆಗಿದೆ ಅಂತ ಗೊತ್ತಾದರೆ ಬರವಣಿಗೆಯಲ್ಲಿ ಅಧೀಕ್ಷಕರಿಗೆ ತಿಳಿಸಿ, ವೈದ್ಯರ ದಾಖಲೆ ಆಗುವಂತೆ ನೋಡಿಕೊಳ್ಳಿ.

ಒಳಗೆ ಜಾತಿ ಇದೆಯಾ?

ಹೊರಗೆ ಇದ್ದದ್ದು ಒಳಗೆ ಇರದೆ ಹೋಗುತ್ತದಾ? 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಜಾತಿ ನೋಡಿ ಜೈಲಿನಲ್ಲಿ ಅಡುಗೆ, ಕಸ ಗುಡಿಸುವ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟು, ರಿಜಿಸ್ಟರಿನ ಜಾತಿ ಕಾಲಂ ತೆಗೆಯಿರಿ ಅಂದಿತು. ಗುಂಪು ಚರ್ಚೆಯಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಅನ್ನುವುದನ್ನು ಸುಮ್ನೆ ಗಮನಿಸಿ, ಬೇಕಾದಷ್ಟು ತಿಳಿಯುತ್ತದೆ.

ಯಾವ ಭಾಷೆ ಬೇಕು?

ಕನ್ನಡ ಬೇಕೇ ಬೇಕು. ಬೆಂಗಳೂರಿನಲ್ಲಿ ಹಿಂದಿ, ಉರ್ದು, ತಮಿಳು, ತೆಲುಗು ಬಂದರೆ ಅನುಕೂಲ. ಬೆಳಗಾವಿಯ ಹಿಂಡಲಗಾದಲ್ಲಿ ಮರಾಠಿ. ಇನ್ನೊಬ್ಬ ಬಂಧಿಯನ್ನು ಅನುವಾದಕ್ಕೆ ಕೂರಿಸಿಕೊಳ್ಳುವುದು ಕೊನೆಯ ದಾರಿಯಾಗಿರಲಿ.

ಏನು ಓದಿರಬೇಕು?

ಸಾಮಾನ್ಯವಾಗಿ ಎಂಎಸ್‌ಡಬ್ಲ್ಯು ಅಥವಾ ಮನಶ್ಶಾಸ್ತ್ರದಲ್ಲಿ ಎಂಎ, ಎಂಎಸ್ಸಿ ಕೇಳುತ್ತಾರೆ. ಎಂಎಸ್‌ಡಬ್ಲ್ಯುನಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಭಾಗ ತೆಗೆದುಕೊಂಡಿದ್ದರೆ ಒಳ್ಳೆಯದು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕರೆಸಿಕೊಳ್ಳಲು ಅದಕ್ಕೇ ಬೇರೆ ಮಾನ್ಯತೆ ಪಡೆದ ಕೋರ್ಸ್ ಮತ್ತು ನೋಂದಣಿ ಬೇಕು. ಬರೀ ವಾರಾಂತ್ಯದ ಸರ್ಟಿಫಿಕೇಟ್ ಹಿಡಿದು ಜೈಲಿಗೆ ಬರಬೇಡಿ, ದಯವಿಟ್ಟು. ಮಂಗಳೂರಿನ ರೋಶನಿ ನಿಲಯದಂಥ ಸಮಾಜಕಾರ್ಯ ಕಾಲೇಜಿನಲ್ಲಿ, ನಿಮ್ಹಾನ್ಸ್‌ನಲ್ಲಿ ಒಳ್ಳೆಯ ತಳಪಾಯ ಸಿಗುತ್ತದೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' 1990ರಿಂದ ಜೈಲು ಮತ್ತು ಠಾಣೆಗಳಲ್ಲಿ ಸಮಾಜಕಾರ್ಯ ಮಾಡುತ್ತಿದೆ. ಅವರ ಕೆಲಸದ ರೀತಿಯನ್ನು ತಿಳಿದುಕೊಳ್ಳಿ.

ಕೆಲಸ ಎಲ್ಲಿ ಸಿಗುತ್ತದೆ? ಸಂಬಳ?

ಮೂರು ದಾರಿ. ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಯ ನೇಮಕಾತಿ ಪ್ರಕಟಣೆ ಒಂದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಸೇರಿದರೆ ಆ ಕೆಲಸದ ಭಾಗವಾಗಿ ಜೈಲು ಭೇಟಿ ಬರಬಹುದು. ಜೈಲಿನಲ್ಲಿ ಅನುಮತಿ ಇರುವ ಸಂಸ್ಥೆಗಳು ಮೂರನೆಯದು. ಬಹುಪಾಲು ಗುತ್ತಿಗೆ ಕೆಲಸ. ಖಾಸಗಿ ಆಸ್ಪತ್ರೆಯಲ್ಲೋ ಐಟಿ ಕಂಪನಿಯಲ್ಲೋ ಕೌನ್ಸೆಲರ್ ಆಗಿರುವ ನಿಮ್ಮ ಸಹಪಾಠಿ ನಿಮಗಿಂತ ಜಾಸ್ತಿ ದುಡಿಯುತ್ತಾರೆ. ಗುತ್ತಿಗೆ ನವೀಕರಣ ತಡವಾದರೆ ಸಂಬಳವೂ ತಡ. ಮನೆ ಸಾಲ ಇರುವವರು ಯೋಚಿಸಿ ಬನ್ನಿ.

ನಾಟಕ, ಯೋಗ, ಸಂಗೀತ ಇದ್ದರೆ ಸಾಕಲ್ವಾ? ಕೌನ್ಸೆಲರ್ ಯಾಕೆ?

ಎರಡೂ ಬೇಕು. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಬಂಧಿಗಳನ್ನೇ ಕಲಾವಿದರನ್ನಾಗಿ ಮಾಡಿ ನಾಟಕ ಆಡಿಸಿದ್ದು, ಜೈಲಿನ ಹೊರಗಿನ ರಂಗಮಂದಿರಗಳಿಗೂ ಕರೆತಂದಿದ್ದು ಕನ್ನಡದ ಜನಕ್ಕೆ ಗೊತ್ತೇ ಇದೆ. ತಾಲೀಮಿಗೆ ಹೋಗುವವರ ನಡಿಗೆಯೇ ಬದಲಾಗುತ್ತದೆ. ಆದರೆ ನಾಟಕಕ್ಕೆ ಬರುವವರು ಹಾಗೋ ಹೀಗೋ ಎದ್ದು ಬರುವ ಶಕ್ತಿ ಇರುವವರು. ಮೂಲೆಯಲ್ಲಿ ಮುಸುಕು ಹಾಕಿ ಮಲಗಿದವರ ಹತ್ತಿರ ಯಾರಾದರೂ ಹೋಗಿ ಕೂರಬೇಕಲ್ಲ.

ಬಿಡುಗಡೆಯಾದ ಮೇಲೆ ಸಂಪರ್ಕ ಇರುತ್ತದೆಯಾ?

ನಾವಾಗಿ ಇಟ್ಟುಕೊಳ್ಳುವುದಿಲ್ಲ. ಬೇಕಾದವರಿಗೆ ಹೊರಗಿನ ಆಸ್ಪತ್ರೆ, ಚಟ ಬಿಡಿಸುವ ಕೇಂದ್ರ, ಕಾನೂನು ನೆರವು ಕಚೇರಿಯ ವಿಳಾಸ ಬರೆದು ಕೊಡುತ್ತೇವೆ. ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಿಡುಗಡೆ ದಿನ ಚೀಟಿಯಿಲ್ಲದೆ ಹೊರಗೆ ಹೋಗದಂತೆ ನೋಡಿಕೊಳ್ಳುವುದು ಮುಖ್ಯ. ಬೇಲ್ ಆದೇಶ ಬರುವುದು ಸಂಜೆ, ಬಿಡುವುದು ಅವಸರದಲ್ಲಿ, ಮಾತ್ರೆ ಒಳಗೇ ಉಳಿಯುತ್ತದೆ. ಅದಕ್ಕೆ ಅಂಥವರ ಔಷಧಿ ಚೀಟಿಯ ಒಂದು ಪ್ರತಿ ಮೊದಲೇ ಅವರ ಕೈಯಲ್ಲಿ ಇರಲಿ. ದಾರಿಯಲ್ಲಿ ಸಿಕ್ಕಾಗ ನಾವಾಗಿ ಮಾತಾಡಿಸುವುದಿಲ್ಲ. ಜತೆಯಲ್ಲಿ ಯಾರಿದ್ದಾರೋ, ಅವರಿಗೆ ಏನು ಹೇಳಿದ್ದಾರೋ. ಅವರಾಗಿ ನಕ್ಕರೆ ನಗುತ್ತೇವೆ.

ನಿಮ್ಮ ಮನಸ್ಸನ್ನು ಹೇಗೆ ನೋಡಿಕೊಳ್ಳುತ್ತೀರಿ?

ಕೇಳಿದ್ದೆಲ್ಲ ಮನೆಗೆ ಹಿಂಬಾಲಿಸುತ್ತದೆ. ತಿಂಗಳಿಗೊಮ್ಮೆಯಾದರೂ ಅನುಭವಿ ಸಮಾಲೋಚಕರ ಹತ್ತಿರ ಕೂತು ಕೇಸುಗಳ ಬಗ್ಗೆ, ಹೆಸರು ಹೇಳದೆ, ಮಾತಾಡುವುದು ನನಗೆ ಊಟದಷ್ಟೇ ಮುಖ್ಯ. ಕೆಲವು ಕೇಸುಗಳು ನಿಮ್ಮಿಂದ ಆಗುವುದಿಲ್ಲ. ನಿಮಗೆ ಸಣ್ಣ ಮಗಳಿದ್ದು, ಎದುರಿಗೆ ಕೂತವರ ಸೆಕ್ಷನ್ ನೋಡಿದರೆ ಮೈ ಉರಿಯುತ್ತದೆ ಅಂದರೆ ಆ ವ್ಯಕ್ತಿಯನ್ನು ಸಹೋದ್ಯೋಗಿಗೆ ಒಪ್ಪಿಸಿ. ಸಹೋದ್ಯೋಗಿಯೇ ಇಲ್ಲದ ಜೈಲುಗಳೇ ಜಾಸ್ತಿ ಅನ್ನುವುದು ಬೇರೆ ಮಾತು.

ನಮ್ಮ ಮನೆಯವರು ಒಳಗಿದ್ದಾರೆ. ನಾವೇನು ಮಾಡಬಹುದು?

ಬನ್ನಿ. ದುಡ್ಡು, ಬಟ್ಟೆಗಿಂತ ನೀವು ಬರುವುದು ದೊಡ್ಡದು. ದೂರದ ಊರಿನವರು ಇ-ಮುಲಾಖಾತ್ ಜಾಲತಾಣದಲ್ಲಿ ಮೊದಲೇ ಭೇಟಿ ಕಾದಿರಿಸಬಹುದು. ಅವರಿಗೆ ಮೊದಲಿನಿಂದ ಇರುವ ಕಾಯಿಲೆಯ ಚೀಟಿಗಳಿದ್ದರೆ ಜೈಲು ವೈದ್ಯರಿಗೆ ತಲುಪಿಸಿ. ಮುಖ್ಯವಾಗಿ, ಮನೆಯ ಕೆಟ್ಟ ಸುದ್ದಿಯನ್ನು ಮುಲಾಖಾತಿನ ಕೊನೇ ನಿಮಿಷದಲ್ಲಿ ಹೇಳಿ ಹೊರಟು ಹೋಗಬೇಡಿ. ಹೇಳಲೇಬೇಕಿದ್ದರೆ ಸಿಬ್ಬಂದಿಗೋ ನಮಗೋ ಮೊದಲು ಒಂದು ಮಾತು ಹೇಳಿ. ಆ ರಾತ್ರಿ ಅವರನ್ನು ಯಾರಾದರೂ ನೋಡಿಕೊಳ್ಳುವ ಹಾಗೆ ಮಾಡಬಹುದು.

ನಮ್ಮ ಸಂಘದಿಂದ ಗಾಂಧಿ ಜಯಂತಿಗೆ ಸಿಹಿ ಹಂಚಿ, ಒಂದು ಪ್ರೇರಣಾ ಭಾಷಣ ಮಾಡಿಸಬೇಕು ಅಂತಿದ್ದೇವೆ. ಆಗುತ್ತಾ?

ಅಧೀಕ್ಷಕರಿಗೆ ಪತ್ರ ಕೊಟ್ಟು ಅನುಮತಿ ಪಡೆಯಿರಿ. ಸಿಹಿ ಬೇಡ ಅಂತ ಯಾರೂ ಅನ್ನುವುದಿಲ್ಲ, ಭಾಷಣ ಬೇಡ ಅನ್ನಬಹುದು. ಬಂಧಿಗಳ ಫೋಟೊ ಹಾಕಿ ಪ್ರಚಾರ ಮಾಡುವ ಯೋಚನೆ ಇದ್ದರೆ ಬರಲೇಬೇಡಿ. ನಿಜವಾಗಿ ಬೇಕಾದ್ದು ಬೇರೆ ಇದೆ: ಓದುವ ಕನ್ನಡಕ, ಅಕ್ಷರ ಕಲಿಯುವವರಿಗೆ ದೊಡ್ಡ ಅಕ್ಷರದ ಪುಸ್ತಕ, ಹೆಂಗಸರ ಬ್ಯಾರಕ್ಕಿಗೆ ಮಕ್ಕಳ ಆಟದ ಸಾಮಾನು. ಕನ್ನಡಕ ತರುವುದಾದರೆ ಕಣ್ಣಿನ ಡಾಕ್ಟರನ್ನೂ ಜತೆಗೆ ಕರೆತನ್ನಿ, ಒಂದೇ ನಂಬರಿನ ನೂರು ಕನ್ನಡಕ ತರಬೇಡಿ.